ಐದು ಹಲ್ಲು ಹಿಂದಕ್ಕೆ

ಕಾಲಿಂಚು ಟೈಲರ್ ಅನ್ನುವ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಕೋಟು ಹೊಲಿಸಿಕೊಂಡವರು ಕನ್ನಡಿ ಮುಂದೆ ನಿಂತು, ಹಿಂದೆ ಮುಂದೆ ತಿರುಗಿ, 'ಚೆನ್ನಾಗಿದೆ, ಸಾಕು ಬಿಡಿ' ಅಂದರೂ ಇವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು 'ಇನ್ನೊಂದು ಕಾಲಿಂಚು' ಎಂದು ಗೊಣಗುತ್ತಿದ್ದ. ಆ ಕಾಲಿಂಚಿಗಾಗಿ ಗಿರಾಕಿಗಳನ್ನು ಎರಡೆರಡು ಸಲ ಅಲೆದಾಡಿಸಿದ್ದಾನೆ. ಹೆಂಡತಿಯನ್ನಂತೂ ಇಪ್ಪತ್ತೆರಡು ವರ್ಷ ಕಾಯಿಸಿದ್ದಾನೆ.

ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಇವನು ಆರಡಿ, ಅವಳು ಇವನ ಎದೆಮಟ್ಟ. ಇಬ್ಬರೂ ಬೀದಿಯಲ್ಲಿ ಹೊರಟರೆ 'ಗಜಕಡ್ಡಿ ಸೂಜೀನ ಕರ್ಕೊಂಡು ಹೊರಟಿತು' ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಕರೆದುಕೊಂಡು ಹೋಗುತ್ತಿದ್ದದ್ದು ಸೂಜಿಯೇ. ಕಾರು ಕೊಂಡ ಹೊಸತರಲ್ಲಿ ಇವನು ಒಂದು ಸಲ ಓಡಿಸಲು ಹೋಗಿ ಗೇಟಿಗೆ ಗುದ್ದಿದ್ದ. 'ನೀವು ಮಿಷನ್ ಓಡಿಸಿ, ಗಾಡಿ ನಂಗೆ ಬಿಡಿ' ಎಂದು ಅವಳು ಕೀಲಿಕೈ ಇಸಕೊಂಡಳು. ಇವನೂ ಬದುಕಿದೆಯಾ ಬಡಜೀವವೇ ಎಂದು ಪಕ್ಕದ ಸೀಟಿಗೆ ಸರಿದ. ಅವನ ಬಳಿ ಲೈಸೆನ್ಸ್ ಇತ್ತು, ಐದು ವರ್ಷಕ್ಕೊಮ್ಮೆ ಅದನ್ನು ಭಕ್ತಿಯಿಂದ ನವೀಕರಿಸಿಕೊಂಡು ಪೆಟ್ಟಿಗೆಯಲ್ಲಿ ಇಡುತ್ತಿದ್ದ, ಅಷ್ಟೆ.

ಬೆಳಿಗ್ಗೆ ಎಂಟಕ್ಕೆ ಅವಳು ಕೆಳಗಿಳಿದು ಗಾಡಿ ಸ್ಟಾರ್ಟ್ ಮಾಡಿ ಎರಡು ಸಲ ಹಾರ್ನ್ ಒತ್ತುವಳು. ಇವನು ಆಗಿನ್ನೂ ಮನೆಗೆ ತಂದಿದ್ದ ಯಾರದೋ ಪ್ಯಾಂಟಿನ ಅಂಚು ನೋಡುತ್ತ ಕೂತಿರುವನು. ನಾಲ್ಕೈದು ನಿಮಿಷ ಆದಮೇಲೆ ಓಡುತ್ತ ಮೆಟ್ಟಿಲಿಳಿದು ಬಂದರೆ ಅವಳು ಬೈಯುತ್ತಿರಲಿಲ್ಲ. 'ಸಿಕ್ಕಿತಾ ಕಾಲಿಂಚು?' ಎಂದು ಕೇಳಿ ಗೇರ್ ಹಾಕುವಳು.

ಒಂದೂವರೆ ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೃದಯ ಅಂದರು. ಇವನಿಗೆ ಅವಳ ಭುಜದ ಅಳತೆ ಗೊತ್ತಿತ್ತು, ತೋಳಿನ ಉದ್ದ ಗೊತ್ತಿತ್ತು, ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ. ಹೃದಯದ ಸುದ್ದಿ ಮಾತ್ರ ಗೊತ್ತಿರಲಿಲ್ಲ. ಮಕ್ಕಳಿರಲಿಲ್ಲ. ಬಂದವರು ಬಂದ ಹಾಗೆ ಹೋದರು. ಮನೆಯಲ್ಲಿ ಇವನು, ಕೆಳಗೆ ಶೆಡ್ಡಿನಲ್ಲಿ ಅವಳು ಶನಿವಾರ ಸಂಜೆ ನಿಲ್ಲಿಸಿದ ಕಾರು.

ಆ ಕಾರಿನ ಡ್ರೈವರ್ ಸೀಟು ಅವಳ ಕಾಲಿಗೆ ತಕ್ಕಂತೆ ಸ್ಟೇರಿಂಗಿಗೆ ಅಂಟಿಕೊಂಡ ಹಾಗೆ ಮುಂದಿತ್ತು. ಕನ್ನಡಿ ಅವಳ ಕಣ್ಣಿನ ಎತ್ತರಕ್ಕೆ ಬಾಗಿತ್ತು. ಅವೆರಡನ್ನೂ ಇವನು ಯಾರಿಗೂ ಮುಟ್ಟಗೊಡಲಿಲ್ಲ, ತಾನೂ ಮುಟ್ಟಲಿಲ್ಲ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಇಳಿದು ಬಂದು, ತನ್ನ ಪಕ್ಕದ ಸೀಟಿನಲ್ಲಿ ಕೂತು, ಕೈ ಚಾಚಿ ಕೀ ತಿರುಗಿಸುತ್ತಿದ್ದ. ಇಂಜಿನ್ ಗುರ್ ಎಂದು ಎದ್ದು, ಆಮೇಲೆ ಸಣ್ಣಗೆ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿಸಿಕೊಂಡು, ಆರಿಸಿ, ಬಾಗಿಲು ಮೆತ್ತಗೆ ಹಾಕಿ, ಅಂಗಡಿಗೆ ನಡೆದೇ ಹೋಗುತ್ತಿದ್ದ. ಇದನ್ನು ಅವನು ಒಬ್ಬರಿಗೂ ಹೇಳಿರಲಿಲ್ಲ. ಅರವತ್ತು ದಾಟಿದ ಗಂಡಸು ನಿಂತ ಕಾರಿನಲ್ಲಿ ಕೂತು ಸದ್ದು ಕೇಳುತ್ತಾನೆ ಅಂದರೆ ಜನ ಏನಂದಾರು?

ಕಾರು ಮೊದಲ ಸಲ ಮುಷ್ಕರ ಹೂಡಿದಾಗ ದೊಡ್ಡ ವರ್ಕ್‌ಶಾಪಿನವರು ಬಂದು ಸ್ಟಾರ್ಟರ್ ಹೋಗಿದೆ ಎಂದು ಹೊಸದು ಹಾಕಿದರು. ಐದು ತಿಂಗಳಿಗೆ ಮತ್ತೆ ನಿಂತಿತು. ಅವರೇ ಬಂದು, ಬ್ಯಾಟರಿ ಸತ್ತಿದೆ ಎಂದು ಹೊಸ ಬ್ಯಾಟರಿ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ರಿಪೇರಿ. ಈಗ ನಾಲ್ಕು ತಿಂಗಳಾಗಿತ್ತು. ಬುಧವಾರ ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಟಕ್, ಅಷ್ಟೆ. ಗುರುವಾರ ಒಂದೇ ಟಕ್. ಶುಕ್ರವಾರ ಅದೂ ಇಲ್ಲ.

ಅಂದು ಅಕ್ಕನ ಫೋನ್ ಬಂತು. ಬೇರೆ ಊರಿನಲ್ಲಿದ್ದರೂ ತಮ್ಮನ ಮೂಗಿನ ದನಿಯಿಂದಲೇ ಅವನ ಮನಸ್ಸು ಹೇಳಬಲ್ಲವಳು.

"ಮತ್ತೆ ಕೆಟ್ಟಿತಾ? ಎಷ್ಟು ಸಲ ಅಂತ ಸುರೀತೀಯೋ ಆ ತಗಡಿಗೆ? ನೀನಂತೂ ಓಡ್ಸಲ್ಲ. ಗುಜರಿಯವನಿಗೆ ಕೊಟ್ಟು ಕೈ ತೊಳ್ಕೋ."

"ಇದೊಂದು ಸಲ ನೋಡ್ತೀನಿ ಅಕ್ಕ."

"ಇದೊಂದು ಸಲ ಅಂದ್ರೆ ಇದೊಂದೇ ಸಲ. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸೋಮವಾರ ಗುಜರಿಯವನು ಬಂದು ಎಳ್ಕೊಂಡು ಹೋಗ್ಲಿ. ಮಾತು ಕೊಡು."

ಅವನು ಮಾತು ಕೊಟ್ಟ. ಅಕ್ಕನಿಗೆ ಕೊಟ್ಟ ಮಾತು ತಪ್ಪಿ ಅವನಿಗೆ ಅಭ್ಯಾಸವಿಲ್ಲ. ಫೋನ್ ಇಟ್ಟವನು ಹೊತ್ತು ಮುಳುಗುವವರೆಗೆ ಕುರ್ಚಿಯಿಂದ ಏಳಲಿಲ್ಲ. ಕಾರು ಹೋದರೆ ಹೋಗಲಿ, ಆದರೆ ಎಂಟು ಗಂಟೆಗೆ ತಾನು ಏನು ಮಾಡುವುದು ಎಂದು ಅವನಿಗೆ ತೋಚಲಿಲ್ಲ.

ಶನಿವಾರ ಬೆಳಿಗ್ಗೆ ಬೇಡಪ್ಪನನ್ನು ಕರೆದ. ಬೇಡಪ್ಪ ಎರಡು ಬೀದಿ ಆಚೆಯ ಸಣ್ಣ ಗ್ಯಾರೇಜಿನವನು. ಹುಟ್ಟಿದ ಹೆಸರು ಏನೋ, ಅವನಮ್ಮನಿಗೆ ಗೊತ್ತು. ಯಾರಾದರೂ 'ಕ್ಲಚ್ ಬದಲಾಯಿಸಿಬಿಡಪ್ಪ' ಅಂದರೆ 'ಬೇಡ, ಇನ್ನೂ ಓಡತ್ತೆ' ಅನ್ನುವನು. 'ಟಯರು?' 'ಬೇಡ.' 'ಬಣ್ಣ?' 'ಬೇಡಪ್ಪಾ!' ಹೀಗೆ ಬಂದ ವ್ಯಾಪಾರವನ್ನೇ ಬಾಗಿಲಿಂದ ವಾಪಸ್ ಕಳಿಸುವವನು ಉದ್ಧಾರವಾಗುವುದುಂಟೇ ಎಂದು ಜನ ಮರುಗುತ್ತಿದ್ದರು, ಮರುಗುತ್ತಲೇ ಉಳಿದ ದುಡ್ಡನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಐವತ್ತರ ಆಸುಪಾಸಿನ ದಪ್ಪ ಆಳು. ಒಂದು ಕೈಯಲ್ಲಿ ಸಲಕರಣೆಯ ಚೀಲ, ಇನ್ನೊಂದು ಕೈಯಲ್ಲಿ ಬ್ಯಾಟರಿ ಹಿಡಿದು ಏದುಸಿರು ಬಿಡುತ್ತ ಬಂದ. ಅವನ ಪ್ಯಾಂಟಿನ ಒಂದು ಕಾಲಿನ ಅಂಚು ಬಿಚ್ಚಿ ನೇತಾಡುತ್ತಿದ್ದದ್ದು ಟೈಲರ್ ಕಣ್ಣಿಗೆ ಮೊದಲು ಬಿತ್ತು.

"ಏನಂತಾಳೆ ಯಜಮಾನ್ರೇ ನಿಮ್ಮ ಗಾಡಿ?" ಎಂದು ಬೇಡಪ್ಪ ಬಾಗಿಲು ತೆಗೆದು ಒಳಗೆ ತೂರಲು ನೋಡಿದ. ಸೀಟಿಗೂ ಸ್ಟೇರಿಂಗಿಗೂ ನಡುವೆ ಅವನ ಒಂದು ತೊಡೆಯೂ ಹಿಡಿಸುವಂತಿರಲಿಲ್ಲ. ಅಭ್ಯಾಸಬಲದಿಂದ ಸೀಟಿನ ಕೆಳಗಿನ ಹಿಡಿಗೆ ಕೈ ಹಾಕಿದ.

"ಮುಟ್ಟಬೇಡ!"

ಟೈಲರ್ ಕೂಗಿದ ಜೋರಿಗೆ ಶೆಡ್ಡಿನ ತಗಡೇ ಝಣ್ ಅಂದಿತು. ಬೇಡಪ್ಪ ಕೈ ಹಿಂದೆ ತೆಗೆದ. ಟೈಲರ್ ಕೆಂಪಾಗಿ, "ಅಲ್ಲ, ಅದು... ಅದು ಹಾಗೇ ಇರ್ಲಿ" ಎಂದು ತೊದಲಿದ. ಬೇಡಪ್ಪ ಸೀಟನ್ನು ನೋಡಿದ, ಬಾಗಿದ ಕನ್ನಡಿ ನೋಡಿದ, ಆರಡಿಯ ಮುದುಕನನ್ನು ನೋಡಿದ. ಹೊರಗೇ ನಿಂತು, ಕಿಟಕಿಯಿಂದ ಕೈ ಇಳಿಬಿಟ್ಟು ಕೆಲಸ ಶುರುಮಾಡಿದ. ಆ ಒಂದು ಸನ್ನೆಗೇ ಟೈಲರ್‌ಗೆ ಅವನ ಮೇಲೆ ಅರ್ಧ ನಂಬಿಕೆ ಬಂತು.

ಮೊದಲು ಮೀಟರಿನ ಎರಡು ಮುಳ್ಳುಗಳನ್ನು ಬ್ಯಾಟರಿಗೆ ಒತ್ತಿ ನೋಡಿದ. "ಖಾಲಿ. ಆದ್ರೆ ಸತ್ತಿಲ್ಲ, ಹಸಿದಿದೆ." ತಾನು ತಂದಿದ್ದ ಬ್ಯಾಟರಿಯಿಂದ ಎರಡು ದಪ್ಪ ವೈರು ಕೊಟ್ಟು ಕೀ ತಿರುಗಿಸಿದ. ಇಂಜಿನ್ ಒಂದೇ ಏಟಿಗೆ ಎದ್ದಿತು. ಟೈಲರ್‌ನ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಬೇಡಪ್ಪ ಅದನ್ನೂ ನೋಡಿದ.

"ಆಯ್ತಲ್ಲಪ್ಪ, ಸರಿ ಹೋಯ್ತು!" ಅಂದ ಟೈಲರ್.

"ಎಲ್ಲಿ ಸರಿ ಹೋಯ್ತು? ಹಸಿದವನಿಗೆ ಒಂದು ಹೊತ್ತು ಅನ್ನ ಹಾಕಿದೀವಿ. ಯಾಕೆ ಹಸಿದ ಅಂತ ಗೊತ್ತಾಗಬೇಡ್ವಾ?"

ಓಡುವ ಇಂಜಿನ್ ಬ್ಯಾಟರಿಗೆ ಚಾರ್ಜು ಕೊಡುತ್ತಿದೆಯೇ ಎಂದು ಅಳೆದ. ಕೊಡುತ್ತಿತ್ತು. ಆರಿಸಿ, ಒಂದು ತಂತಿ ಬಿಡಿಸಿ ನಡುವೆ ಮೀಟರ್ ಕೂರಿಸಿ, ಗಾಡಿ ನಿಂತಾಗ ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿದ. ಸೋರುತ್ತಿರಲಿಲ್ಲ. ಒಳಗಿನ ದೀಪ, ಡಿಕ್ಕಿಯ ದೀಪ ಒಂದೊಂದಾಗಿ ತಡಕಿದ. ಯಾವುದೂ ಕಳ್ಳನಲ್ಲ. ಬೇಡಪ್ಪ ತಲೆ ಕೆರೆದುಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಸುಮ್ಮನೆ ಹತ್ತು ನಿಮಿಷ ಕೂತ. ದೊಡ್ಡ ವರ್ಕ್‌ಶಾಪಿನವರಾಗಿದ್ದರೆ ಇಷ್ಟು ಹೊತ್ತಿಗೆ ಏನಾದರೊಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡಿರುತ್ತಿದ್ದರು.

ಕೂತಲ್ಲಿಂದಲೇ ಅವನ ಕಣ್ಣು ಅಲೆಯತೊಡಗಿತು. ಸೈಲೆನ್ಸರಿನ ಬಾಯಿಂದ ತೊಟ್ಟಿಕ್ಕಿದ ನೀರು. ಚಕ್ರದಿಂದ ಗೋಡೆಗೆ ಜೇಡ ನೇಯ್ದ ಬಲೆ, ಅದರಲ್ಲಿ ಹಳೆಯ ಧೂಳು. ಟಯರುಗಳ ಬುಡ ನೆಲಕ್ಕೆ ಚಪ್ಪಟೆಯಾಗಿ ಕೂತಿತ್ತು. ಎದ್ದು ಆಯಿಲ್ ಕಡ್ಡಿ ಎಳೆದು ಮೂಸಿದ. ಆಯಿಲಿಗೆ ಪೆಟ್ರೋಲ್ ವಾಸನೆ.

"ಯಜಮಾನ್ರೇ, ಗಾಡಿ ಎಷ್ಟು ಓಡಿಸ್ತೀರಿ?"

"ವಾರಕ್ಕೊಂದು ಸಲ. ಮಾರ್ಕೆಟ್ಟಿಗೆ" ಅಂದ ಟೈಲರ್, ಗೋಡೆ ನೋಡುತ್ತ.

ಬೇಡಪ್ಪ ಮುಂದಿನ ಖಾನೆಯಿಂದ ವರ್ಕ್‌ಶಾಪಿನ ಎರಡು ಚೀಟಿ ತೆಗೆದ. ಎರಡರಲ್ಲೂ ಬರೆದಿದ್ದ ಕಿಲೋಮೀಟರ್ ಓದಿದ. ಆಮೇಲೆ ಕಾರಿನ ಮೀಟರ್ ಓದಿದ. ಮೂರೂ ಕಡೆ ಒಂದೇ ಅಂಕಿ, ಒಂದು ಕಿಲೋಮೀಟರ್ ಆಚೀಚೆ ಇಲ್ಲ.

"ಮಾರ್ಕೆಟ್ಟೇ ನಡ್ಕೊಂಡು ಇಲ್ಲಿಗೆ ಬರತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಟೈಲರ್ ಕೊರಳಿನ ಟೇಪು ಮುಟ್ಟಿಕೊಂಡ. ನಗಬೇಕೆಂದು ನೋಡಿದ, ಬಾಯಿ ಓರೆಯಾಯಿತು. ಬೇಡಪ್ಪನ ದನಿ ಮೆತ್ತಗಾಯಿತು.

"ನಿಮ್ಮನ್ನ ಹಿಡಿದು ಹಾಕೋಕೆ ಕೇಳ್ತಿಲ್ಲ ಸಾರ್. ಸಾಮಾನು ಎಲ್ಲ ಸರಿಯಿದೆ. ಇನ್ನು ಉಳಿದಿರೋದು ನೀವೊಬ್ರೆ. ನಿಜ ಹೇಳಿದ್ರೆ ನಾನು ಹೇಳಬಲ್ಲೆ. ಇಲ್ದಿದ್ರೆ ನಾನೂ ಸುಮ್ನೆ ಏನಾದ್ರೂ ಬದಲಾಯಿಸಿ ಹೋಗ್ಬೇಕು. ಅದು ನನ್ ಕೈಲಾಗಲ್ಲ."

ಟೈಲರ್ ಶೆಡ್ಡಿನ ಕಂಬಕ್ಕೆ ಒರಗಿದ. ಒಂದೂವರೆ ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ನಿಜವಾಗಿ ಕೇಳಿರಲಿಲ್ಲ. 'ಹೇಗಿದೀರಿ' ಅಂದವರೆಲ್ಲ ಉತ್ತರ ಬರುವ ಮುಂಚೆ ತೋಳು ಚಾಚಿ ಅಳತೆಗೆ ನಿಂತುಬಿಟ್ಟಿದ್ದರು. ಅವನು ಹೇಳಿದ. ಎಂಟು ಗಂಟೆ, ಪಕ್ಕದ ಸೀಟು, ಎರಡು ನಿಮಿಷ, ಆ ಸದ್ದು. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೊನೆಗೆ, "ನಿಲ್ಲಿಸಿಬಿಟ್ರೆ ಗಾಡಿ ಸತ್ತುಹೋಗತ್ತೆ ಅಂತಾರಲ್ಲ, ಅದಕ್ಕೆ... ಜೀವ ಇರ್ಲಿ ಅಂತ" ಅಂದ.

ಬೇಡಪ್ಪ ಕೈಯನ್ನು ಬಟ್ಟೆಗೆ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ. ಸುಳ್ಳು ಹೇಳುವುದು ಆಗ ಎಷ್ಟು ಸುಲಭವಿತ್ತು! ಬ್ಯಾಟರಿಯ ಕಂಪನಿ ಸರಿಯಿಲ್ಲ ಅಂದು ಚಾರ್ಜು ಮಾಡಿಕೊಟ್ಟಿದ್ದರೆ ಮುದುಕನಿಗೂ ಸಮಾಧಾನ, ಇವನಿಗೂ ನಾಲ್ಕು ತಿಂಗಳಿಗೊಮ್ಮೆ ಗ್ಯಾರಂಟಿ ಗಿರಾಕಿ.

"ಸಾರ್, ಬೇಜಾರು ಮಾಡ್ಕೋಬೇಡಿ. ಗಾಡೀನ ಕೊಲ್ತಿರೋದೇ ಆ ಎರಡು ನಿಮಿಷ."

"ಅಂದ್ರೆ?"

"ಇಂಜಿನ್ ಎಬ್ಬಿಸೋಕೆ ಬ್ಯಾಟರಿ ಒಂದು ಬಿಂದಿಗೆ ನೀರು ಸುರಿಯತ್ತೆ ಅಂತ ಇಟ್ಕೊಳ್ಳಿ. ಎರಡು ನಿಮಿಷದಲ್ಲಿ ಇಂಜಿನ್ ವಾಪಸ್ ತುಂಬೋದು ಒಂದು ಲೋಟ. ದಿನಾ ಒಂದು ಬಿಂದಿಗೆ ಹೊರಗೆ, ಒಂದು ಲೋಟ ಒಳಗೆ. ನಾಲ್ಕು ತಿಂಗಳು ತಡೆದಿದ್ದೇ ಹೆಚ್ಚು. ಇಂಜಿನ್ನೂ ಅಷ್ಟೇ, ಬಿಸಿ ಆಗೋಷ್ಟರಲ್ಲಿ ಆರಿಸ್ತೀರಿ. ಒಳಗೆ ನೀರು ಕೂರತ್ತೆ, ಆಯಿಲ್ ಕೆಡತ್ತೆ. ಇದಕ್ಕೆ ಯಾವ ಸಾಮಾನೂ ಬೇಡ. ದಿನಾ ಸ್ಟಾರ್ಟ್ ಮಾಡೋದು ಬಿಡಿ. ವಾರಕ್ಕೊಂದು ಸಲ ಒಂದು ಗಂಟೆ ಓಡಿಸಿ. ರೋಡಲ್ಲಿ, ನಿಜವಾಗ್ಲೂ."

ಟೈಲರ್‌ಗೆ ಲೆಕ್ಕ ಅರ್ಥವಾಯಿತು. ಜೀವ ಉಳಿಸುತ್ತೇನೆ ಎಂದುಕೊಂಡು ಇಷ್ಟು ದಿನ ತಾನೇ, ತನ್ನ ಕೈಯಾರೆ! ಅವನಿಗೆ ಅಳು ಬಂತು, ಬೇಡಪ್ಪನ ಮೇಲೆ ಸಿಟ್ಟೂ ಬಂತು. ಓಡಿಸಬೇಕಾದರೆ ಆ ಸೀಟಿನಲ್ಲಿ ಕೂರಬೇಕು. ಕೂರಬೇಕಾದರೆ ಸೀಟು ಸರಿಸಬೇಕು. ಸರಿಸಿದರೆ ಅವಳು ಕೂತ ಜಾಗ ಮತ್ತೆ ಸಿಗುವುದಿಲ್ಲ. ಸರಿಸದಿದ್ದರೆ ಇವತ್ತಲ್ಲ ನಾಳೆ ಗುಜರಿ. ನುಂಗಲೂ ಆಗದ, ಉಗುಳಲೂ ಆಗದ ತುತ್ತು.

"ನೀನೇ ಓಡಿಸ್ಕೊಂಡು ಬಾರಪ್ಪ, ವಾರ ವಾರ" ಅಂದ.

"ನಾನು ಕೂರಬೇಕಾದ್ರೂ ಸರಿಸಲೇಬೇಕಲ್ಲ ಸಾರ್, ಈ ಹೊಟ್ಟೆ ನೋಡಿ." ಬೇಡಪ್ಪ ಬಗ್ಗಿ ಸೀಟಿನ ಕೆಳಗಿನ ಹಳಿ ನೋಡಿದ. "ನಮ್ಮಲ್ಲಿ ಒಂದು ಪದ್ಧತಿ ಇದೆ. ಏನೇ ಬಿಚ್ಚಬೇಕಾದ್ರೂ ಮೊದಲು ಎರಡೂ ಕಡೆ ಸೇರಿಸಿ ಒಂದು ಗುರುತು ಹಾಕ್ತೀವಿ. ಗುರುತು ಇದ್ರೆ ವಾಪಸ್ ಅಲ್ಲಿಗೇ ಕೂರಿಸಬಹುದು, ಕೂದಲೆಳೆ ಆಚೀಚೆ ಆಗಲ್ಲ. ಗುರುತು ಹಾಕ್ದೆ ಬಿಚ್ಚಿದವನಿಗೆ ನಮ್ಮ ಗುರುಗಳು ಸ್ಪ್ಯಾನರಲ್ಲೇ ಹೊಡೀತಿದ್ರು."

ಟೈಲರ್ ತಲೆ ಎತ್ತಿದ. ಇದು ಅವನಿಗೆ ಗೊತ್ತಿರುವ ಭಾಷೆ. ಹಳೆಯ ಕೋಟು ಬಿಚ್ಚಿ ಸಡಿಲ ಮಾಡುವಾಗ ಮೊದಲ ಹೊಲಿಗೆ ಎಲ್ಲಿತ್ತೆಂದು ಗೆರೆ ಎಳೆಯದೆ ಅವನು ಎಂದಾದರೂ ಕತ್ತರಿ ಮುಟ್ಟಿದ್ದುಂಟೇ?

"ಪೇಂಟ್ ಇದೆ ಚೀಲದಲ್ಲಿ. ಹಾಕ್ಲಾ?"

"ಬೇಡ" ಅಂದ ಟೈಲರ್, ಜೇಬಿನಿಂದ ತನ್ನ ಚಪ್ಪಟೆ ಸೀಮೆಸುಣ್ಣ ತೆಗೆಯುತ್ತ. "ನಾನೇ ಹಾಕ್ತೀನಿ."

"ಸೀಮೆಸುಣ್ಣ ಅಳಿಸಿಹೋಗತ್ತೆ ಸಾರ್. ಸುಳ್ಳು ಹೇಳಲ್ಲ, ಎರಡು ತಿಂಗಳು ಇದ್ರೆ ಹೆಚ್ಚು."

"ಗೊತ್ತು."

ಅವನು ಮಂಡಿಯೂರಿ, ಸೀಟಿನ ಕೆಳಗಿನ ಹಳಿಗೂ ಸೀಟಿಗೂ ಸೇರಿಸಿ ಒಂದು ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಜನ್ಮದಲ್ಲಿ ಮೊದಲ ಸಲ ಅವನು ಅದನ್ನು ತಿದ್ದಲಿಲ್ಲ. ಹಿಡಿ ಎತ್ತಿ ಹಿಂದಕ್ಕೆ ತಳ್ಳಿದ. ಒಂದೂವರೆ ವರ್ಷ ಮೌನವಾಗಿದ್ದ ಹಳಿ ಕಿರ್ರೆಂದಿತು, ಸೀಟು ಕಟ್, ಕಟ್, ಕಟ್ ಎಂದು ಅದರ ಒಂದೊಂದೇ ಹಲ್ಲು ದಾಟಿತು. ಐದು ಹಲ್ಲು. ಅವರಿಬ್ಬರ ನಡುವಿನ ಎತ್ತರದ ಅಂತರ ಅಷ್ಟು. ಕನ್ನಡಿಯನ್ನು ಮಾತ್ರ ಮುಟ್ಟಲಿಲ್ಲ.

ಬೇಡಪ್ಪ ಟಯರುಗಳಿಗೆ ಗಾಳಿ ತುಂಬಿ, ಆಯಿಲ್ ಬದಲಿಸಲು ಮುಂದಿನ ವಾರ ಬನ್ನಿ ಅಂದ. ಬಂದದ್ದಕ್ಕೆ ಮಾತ್ರ ಕೂಲಿ ಇಸಕೊಂಡ. ತನ್ನ ಬ್ಯಾಟರಿಯಿಂದಲೇ ಇಂಜಿನ್ ಎಬ್ಬಿಸಿ, ಅರ್ಧ ಗಂಟೆ ಓಡಗೊಟ್ಟು, ವೈರು ಬಿಡಿಸಿಕೊಂಡು, ಚೀಲ ಹಿಡಿದು ಪಕ್ಕದ ಸೀಟಿನಲ್ಲಿ ಕೂತು, "ಗ್ಯಾರೇಜ್ ತನಕ ಬಿಡಿ" ಅಂದ. ಟೈಲರ್ ಸ್ಟೇರಿಂಗ್ ಹಿಡಿದ. ಕಾರು ಎರಡು ಸಲ ಮುಗ್ಗರಿಸಿ, ಜೇಡನ ಬಲೆ ಹರಿದುಕೊಂಡು ಬೀದಿಗೆ ಬಂತು. ಬೇಡಪ್ಪ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದಿದ್ದ. ಗ್ಯಾರೇಜಿನ ಮುಂದೆ ಇಳಿದು, "ಪೆಟ್ರೋಲ್ ಹಳೇದು, ಬಂಕಿನಲ್ಲಿ ಹೊಸದು ತುಂಬಿಸಿ. ಆಮೇಲೆ ಒಂದು ಗಂಟೆ ಆರಿಸಬೇಡಿ, ಆಯ್ತಾ?" ಅಂದ. ಅದಾದಮೇಲೆ ತಡವರಿಸಿ, "ನಿಧಾನಕ್ಕೆ, ಸಾರ್" ಎಂದು ಸೇರಿಸಿದ.

"ನಾಳೆ ಆ ಪ್ಯಾಂಟು ತಗೊಂಡು ಬಾ" ಅಂದ ಟೈಲರ್. "ಅಂಚು ಬಿಚ್ಚಿದೆ. ನೋಡೋಕಾಗಲ್ಲ."

ಇನ್ನು ಅವನೊಬ್ಬನೇ. ಬಂಕಿನಲ್ಲಿ ಇಂಜಿನ್ ಆರಿಸಬೇಕು ಅಂದಾಗ ಪ್ರಾಣ ಬಾಯಿಗೆ ಬಂತು, ಆದರೆ ಮತ್ತೆ ಹತ್ತಿಕೊಂಡಿತು, ಹುಷಾರಾಗಿ, ಕೆಮ್ಮುತ್ತ. ಊರಿನ ಹೊರಗಿನ ಅಗಲ ರಸ್ತೆ ಹಿಡಿದ. ಹಿಂದಿನಿಂದ ಲಾರಿಗಳು ಬೈಯುತ್ತ ದಾಟಿಹೋದವು. ಒಂದು ಗಂಟೆಯ ಉದ್ದಕ್ಕೂ ಏನಾದರೂ ಕಂಡಾಗ ಹೇಳಲು ಬಾಯಿ ತೆರೆಯುವನು, ಪಕ್ಕಕ್ಕೆ ನೋಡುವನು. ಅಲ್ಲಿ ತಾನು ಇಪ್ಪತ್ತೆರಡು ವರ್ಷ ಕೂತು ಕೂತು ಗುಳಿ ಮಾಡಿದ ಸೀಟು. ಗುಂಡುಸೂಜಿ ಚುಚ್ಚಿಡುತ್ತಿದ್ದ ಜಾಗದಲ್ಲಿ ಹೊದಿಕೆಯ ತುಂಬ ಸಣ್ಣ ಸಣ್ಣ ತೂತು. ಇಷ್ಟು ದಿನ ಅವನು ಅವಳ ಖಾಲಿ ಸೀಟು ನೋಡುತ್ತಿದ್ದ. ಈ ದಿನ ಅವಳ ಜಾಗದಿಂದ ತನ್ನದನ್ನು ನೋಡಿದ.

ವಾಪಸ್ ಬಂದು ಗೇಟಿಗೆ ಗುದ್ದದೆ ಒಳಗೆ ನುಗ್ಗಿಸಿ ಮೆಟ್ಟಿಲ ಎದುರು ನಿಲ್ಲಿಸಿದ. ಇಂಜಿನ್ ಬೆಚ್ಚಗೆ ಓಡುತ್ತಿತ್ತು. ಯಾಕೆಂದು ಅವನಿಗೂ ತಿಳಿಯದು, ಕೈ ಹಾರ್ನ್ ಮೇಲೆ ಹೋಯಿತು. ಎರಡು ಸಲ ಒತ್ತಿದ.

ಮೆಟ್ಟಿಲ ಮೇಲೆ ಯಾರೂ ಬರಲಿಲ್ಲ. ಬರುವವರು ಯಾರಿದ್ದಾರೆ? ಆದರೂ ಅವನು ನೋಡುತ್ತ ಕೂತ. ಒಂದು ನಿಮಿಷ. ಎರಡು. ಮೂರನೆಯ ನಿಮಿಷಕ್ಕೆ ಕುತ್ತಿಗೆ ನೋಯತೊಡಗಿತು. ನಾಲ್ಕು ನಿಮಿಷ ಅಂದರೆ ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ. ಇದನ್ನು ಅವಳು ದಿನಾ ಕಾದಿದ್ದಳು, ಮಳೆಯಲ್ಲೂ, ಜ್ವರ ಬಂದಾಗಲೂ, ತನ್ನ ಕಚೇರಿಗೆ ತಡವಾಗುತ್ತಿದ್ದಾಗಲೂ. ಕಾದು, ಕೊನೆಗೆ ನಗುತ್ತ ಕಾಲಿಂಚು ಸಿಕ್ಕಿತಾ ಎಂದು ಕೇಳುತ್ತಿದ್ದಳು. ಅವನು ಸ್ಟೇರಿಂಗಿಗೆ ಹಣೆ ಕೊಟ್ಟು, ತಡೆಯದೆ, ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಅಕ್ಕನಿಗೆ ಫೋನ್ ಮಾಡಿದ. "ಗುಜರಿಯವನು ಬೇಡ ಅಕ್ಕ. ಸ್ಟಾರ್ಟ್ ಆಯ್ತು."

"ಏನು ಕೆಟ್ಟಿತ್ತಂತೆ?"

"ಏನೂ ಕೆಟ್ಟಿರ್ಲಿಲ್ಲ" ಅಂದ. "ನಾನು ಓಡಿಸ್ತಿರ್ಲಿಲ್ಲ, ಅಷ್ಟೆ."

ಫೋನ್ ಇಟ್ಟು, ಕಾರನ್ನು ಶೆಡ್ಡಿಗೆ ಸೇರಿಸಿ, ಇಂಜಿನ್ ಆರಿಸಿ, ಕೆಳಗಿಳಿದು ಬಗ್ಗಿ, ಹಿಡಿ ಎತ್ತಿ ಸೀಟನ್ನು ಮುಂದಕ್ಕೆ ತಂದ. ಐದು ಹಲ್ಲು. ಗೆರೆಗೆ ಗೆರೆ ಕೂಡಿತೇ ಎಂದು ಬೆರಳಿನಿಂದ ಸವರಿ ನೋಡಿದ. ಕೂಡಿತ್ತು. ಬೆರಳಿಗೆ ಸ್ವಲ್ಪ ಬಿಳಿ ಅಂಟಿಕೊಂಡು ಬಂತು. ಮುಂದಿನ ಶನಿವಾರಕ್ಕೆ ಇನ್ನೂ ಏಳು ದಿನವಿತ್ತು, ನಡುವೆ ಬೆಳಗಿನ ಎಂಟು ಗಂಟೆ ಆರು ಸಲ ಬರುವುದಿತ್ತು, ಆರೂ ಸಲ ಈ ಶೆಡ್ಡು ಸದ್ದಿಲ್ಲದೆ ಇರಬೇಕಿತ್ತು. ಅವನು ಬಾಗಿಲು ಮೆತ್ತಗೆ ಹಾಕಿ, "ಸಿಕ್ಕಿತು ಕಣೇ" ಎಂದು ಖಾಲಿ ಸೀಟಿಗೆ ಹೇಳಿ, ಮೆಟ್ಟಿಲು ಹತ್ತಿದ.